ಐಪಿಎಲ್‌ನಲ್ಲಿ ಆಟಗಾರರ ಹರಾಜು ಮತ್ತು ಉಳಿಸಿಕೊಳ್ಳುವ ನಿಯಮಗಳು

ಇಂಡಿಯನ್ ಪ್ರೀಮಿಯರ್ ಲೀಗ್ (ಐಪಿಎಲ್) ಕ್ರಿಕೆಟ್ ಪಂದ್ಯಾವಳಿಯಲ್ಲಿ ಯಾವ ಆಟಗಾರನು ಯಾವ ತಂಡಕ್ಕೆ, ಎಷ್ಟು ಹಣಕ್ಕೆ, ಎಷ್ಟು ಕಾಲ ಆಡಬೇಕು ಎಂಬುದನ್ನು ನಿರ್ಧರಿಸುವ ಕಟ್ಟಳೆಗಳ ಸಮೂಹವೇ ಹರಾಜು ಮತ್ತು ಉಳಿಸಿಕೊಳ್ಳುವ ನಿಯಮಗಳು. ಇವುಗಳನ್ನು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ (ಬಿಸಿಸಿಐ) ಅಧೀನದಲ್ಲಿರುವ ಐಪಿಎಲ್ ಆಡಳಿತ ಮಂಡಳಿಯು ರೂಪಿಸುತ್ತದೆ. ತಂಡಗಳ ಬಲವನ್ನು ಸರಿದೂಗಿಸುವುದು ಇವುಗಳ ಮುಖ್ಯ ಉದ್ದೇಶ. ಆದರೆ ಈ ಸಮತೋಲನಕ್ಕಾಗಿ ಆಟಗಾರನು ತನ್ನ ತಂಡವನ್ನು ತಾನೇ ಆರಿಸಿಕೊಳ್ಳುವ ಅವಕಾಶವನ್ನು ಬಹುಮಟ್ಟಿಗೆ ಬಿಟ್ಟುಕೊಡಬೇಕಾಗುತ್ತದೆ. ಕರ್ನಾಟಕದ ಅನೇಕ ಆಟಗಾರರ ವೃತ್ತಿಜೀವನವು ಇದಕ್ಕೆ ನಿದರ್ಶನವಾಗಿದೆ.

ಹಿನ್ನೆಲೆ

ವೃತ್ತಿಪರ ಲೀಗ್‌ಗಳಲ್ಲಿ ಆಟಗಾರರನ್ನು ಹಂಚಲು ಮುಖ್ಯವಾಗಿ ಮೂರು ವಿಧಾನಗಳಿವೆ. ಮೊದಲನೆಯದು ಮುಕ್ತ ಮಾರುಕಟ್ಟೆ. ಇಲ್ಲಿ ಆಟಗಾರನೂ ತಂಡವೂ ನೇರವಾಗಿ ಮಾತುಕತೆ ನಡೆಸುತ್ತಾರೆ. ಎರಡನೆಯದು ಡ್ರಾಫ್ಟ್. ಇಲ್ಲಿ ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸುತ್ತವೆ. ವೇತನವು ಸಾಮಾನ್ಯವಾಗಿ ಮೊದಲೇ ಗೊತ್ತಾಗಿರುತ್ತದೆ. ಮೂರನೆಯದು ಹರಾಜು. ಇಲ್ಲಿ ಪ್ರತಿ ತಂಡಕ್ಕೂ ಸಮಾನ ಹಣದ ಮಿತಿ ಇರುತ್ತದೆ. ಹೆಚ್ಚು ಸವಾಲು ಕೂಗಿದ ತಂಡಕ್ಕೆ ಆಟಗಾರ ಸೇರುತ್ತಾನೆ. ಐಪಿಎಲ್ ಆರಂಭದಿಂದಲೂ ಹರಾಜನ್ನೇ ಮುಖ್ಯ ವಿಧಾನವಾಗಿ ಅನುಸರಿಸಿದೆ. ಆದರೂ ಅದರ ಮೊದಲ ವರ್ಷದಲ್ಲಿ ಡ್ರಾಫ್ಟ್ ಕೂಡ ನಡೆದಿತ್ತು.

2008ರ ವ್ಯವಸ್ಥೆ

ಮೊದಲ ಹರಾಜು 2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ನಡೆಯಿತು. ಪ್ರತಿ ತಂಡದ ವೆಚ್ಚದ ಮಿತಿ 50 ಲಕ್ಷ ಡಾಲರ್ ಆಗಿತ್ತು. ಐವರು ಹಿರಿಯ ಆಟಗಾರರನ್ನು 'ಐಕಾನ್' ಎಂದು ಘೋಷಿಸಿ, ಹರಾಜಿಗೆ ಒಳಪಡಿಸದೆ ಅವರವರ ಊರಿನ ಅಥವಾ ಪ್ರಾಂತದ ತಂಡಕ್ಕೇ ನೀಡಲಾಯಿತು. ಬೆಂಗಳೂರಿಗೆ ರಾಹುಲ್ ದ್ರಾವಿಡ್, ಮುಂಬೈಗೆ ಸಚಿನ್ ತೆಂಡೂಲ್ಕರ್, ಕೋಲ್ಕತ್ತಕ್ಕೆ ಸೌರವ್ ಗಂಗೂಲಿ, ದೆಹಲಿಗೆ ವೀರೇಂದ್ರ ಸೆಹ್ವಾಗ್, ಪಂಜಾಬಿಗೆ ಯುವರಾಜ್ ಸಿಂಗ್ ದೊರೆತರು. ಐಕಾನ್ ಆಟಗಾರನಿಗೆ ಆ ತಂಡ ಹರಾಜಿನಲ್ಲಿ ಕೊಂಡ ಅತಿ ದುಬಾರಿ ಆಟಗಾರನಿಗಿಂತ ಶೇ. 15ರಷ್ಟು ಹೆಚ್ಚು ವೇತನ ನೀಡಬೇಕೆಂಬ ನಿಯಮವಿತ್ತು. ರಾಯಲ್ ಚಾಲೆಂಜರ್ಸ್ ತಂಡವು ಜಾಕ್ ಕಾಲಿಸ್ ಅವರನ್ನು 9 ಲಕ್ಷ ಡಾಲರಿಗೆ ಕೊಂಡದ್ದರಿಂದ ದ್ರಾವಿಡ್ ಅವರ ವೇತನ 10.35 ಲಕ್ಷ ಡಾಲರ್ ಎಂದು ನಿಗದಿಯಾಯಿತು.

ಅದೇ ವರ್ಷದ ಮಾರ್ಚ್‌ನಲ್ಲಿ 19 ವರ್ಷದೊಳಗಿನ ಆಟಗಾರರಿಗಾಗಿ ಡ್ರಾಫ್ಟ್ ನಡೆಯಿತು. ಮೊದಲ ಆಯ್ಕೆಯ ಅವಕಾಶ ದೆಹಲಿ ತಂಡಕ್ಕೆ ಸಿಕ್ಕಿತು. ಅದು ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿತು. ದೆಹಲಿಯವರೇ ಆದ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು. ಅವರ ವೇತನ 30,000 ಡಾಲರ್ ಆಗಿತ್ತು. ಬೆಂಗಳೂರು ತಂಡದೊಂದಿಗೆ ಬೆಸೆದುಕೊಂಡಿರುವ ಹೆಸರು ಸವಾಲಿನಿಂದಲ್ಲ, ಡ್ರಾಫ್ಟ್‌ನ ಸರದಿಯಿಂದ ಬಂದುದು.

ಆರಂಭದ ವರ್ಷಗಳಲ್ಲಿ, ಅಂತಾರಾಷ್ಟ್ರೀಯ ಪಂದ್ಯವಾಡದ ದೇಶೀಯ ಆಟಗಾರರು ಹರಾಜಿಗೆ ಬರುತ್ತಿರಲಿಲ್ಲ. ತಂಡಗಳು ಅವರನ್ನು ನೇರವಾಗಿ ಸೇರಿಸಿಕೊಳ್ಳುತ್ತಿದ್ದವು. 2011ರಿಂದ ಅವರ ವೇತನವನ್ನು ಪ್ರಥಮ ದರ್ಜೆಯ ಅನುಭವಕ್ಕೆ ತಕ್ಕಂತೆ 10, 20 ಮತ್ತು 30 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಲಾಯಿತು. 2014ರಿಂದ ಈ ಆಟಗಾರರನ್ನೂ ಹರಾಜಿಗೆ ಸೇರಿಸಲಾಯಿತು.

ಉಳಿಸಿಕೊಳ್ಳುವ ನಿಯಮ

ಕೆಲವು ವರ್ಷಗಳಿಗೊಮ್ಮೆ ಎಲ್ಲ ತಂಡಗಳನ್ನೂ ಬಹುತೇಕ ಖಾಲಿ ಮಾಡಿ ಹೊಸದಾಗಿ ಕಟ್ಟುವ ಹರಾಜಿಗೆ 'ಮೆಗಾ ಹರಾಜು' ಎಂದು ಹೆಸರು. ಅದರ ನಡುವಿನ ವರ್ಷಗಳಲ್ಲಿ ನಡೆಯುವುದು 'ಮಿನಿ ಹರಾಜು'. ಮೆಗಾ ಹರಾಜಿಗೆ ಮುನ್ನ ತಂಡವು ಕೆಲವೇ ಆಟಗಾರರನ್ನು ಉಳಿಸಿಕೊಳ್ಳಬಹುದು. ಹಾಗೆ ಉಳಿಸಿಕೊಂಡ ಪ್ರತಿಯೊಬ್ಬನಿಗೂ ಗೊತ್ತುಪಡಿಸಿದ ಮೊತ್ತ ತಂಡದ ಹರಾಜಿನ ಹಣದಿಂದ ಕಡಿತವಾಗುತ್ತದೆ. ಒಳ್ಳೆಯ ಆಟಗಾರರನ್ನು ಹೆಚ್ಚಾಗಿ ಇಟ್ಟುಕೊಂಡ ತಂಡವು ಕಡಿಮೆ ಹಣದೊಂದಿಗೆ ಹರಾಜಿಗೆ ಹೋಗಬೇಕು. ಸಮತೋಲನದ ಮರ್ಮ ಇದೇ.

2011ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹರಾಜಿಗೆ ಮುನ್ನ ಗರಿಷ್ಠ ನಾಲ್ವರನ್ನು ಉಳಿಸಿಕೊಳ್ಳಬಹುದಾಗಿತ್ತು. ಬೆಂಗಳೂರು ಉಳಿಸಿಕೊಂಡದ್ದು ಕೊಹ್ಲಿ ಒಬ್ಬರನ್ನೇ. 2014ರಲ್ಲಿ ಮಿತಿ ಐದಕ್ಕೆ ಏರಿತು. ಲೆಕ್ಕವು ಡಾಲರಿನಿಂದ ರೂಪಾಯಿಗೆ ಬದಲಾಗಿ, ಪ್ರತಿ ತಂಡಕ್ಕೆ 60 ಕೋಟಿ ರೂಪಾಯಿಯ ಮಿತಿ ಬಂದಿತು. ಈ ಮಿತಿಯು 2018ರಲ್ಲಿ 80 ಕೋಟಿ, 2022ರಲ್ಲಿ 90 ಕೋಟಿ, 2025ರ ಋತುವಿಗೆ 120 ಕೋಟಿ ಆಯಿತು. 2022ರಲ್ಲಿ ಹಳೆಯ ತಂಡಗಳು ನಾಲ್ವರವರೆಗೆ ಉಳಿಸಿಕೊಂಡವು. ಹೊಸದಾಗಿ ಸೇರಿದ ಲಖನೌ ಮತ್ತು ಗುಜರಾತ್ ತಂಡಗಳಿಗೆ ಹರಾಜಿಗೆ ಮೊದಲೇ ತಲಾ ಮೂವರನ್ನು ಆರಿಸಿಕೊಳ್ಳುವ ಅವಕಾಶ ನೀಡಲಾಯಿತು.

2025ರ ಋತುವಿನ ಹರಾಜು 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆಯಿತು. ಅದಕ್ಕೆ ಮುನ್ನ ಉಳಿಸಿಕೊಳ್ಳುವ ಅಂತಾರಾಷ್ಟ್ರೀಯ ಆಟಗಾರರಿಗೆ ಕ್ರಮವಾಗಿ 18, 14, 11, 18 ಮತ್ತು 14 ಕೋಟಿ ರೂಪಾಯಿ ಕಡಿತವನ್ನು ಗೊತ್ತುಪಡಿಸಲಾಗಿತ್ತು. ಐವರನ್ನೂ ಉಳಿಸಿಕೊಂಡ ತಂಡವು 120 ಕೋಟಿಯಲ್ಲಿ 75 ಕೋಟಿಯನ್ನು ಕಳೆದುಕೊಳ್ಳುತ್ತಿತ್ತು. ಅಂತಾರಾಷ್ಟ್ರೀಯ ಪಂದ್ಯವಾಡದ ಆಟಗಾರನಿಗೆ ಈ ಮೊತ್ತ 4 ಕೋಟಿ. ಐದು ವರ್ಷಗಳಿಂದ ಅಂತಾರಾಷ್ಟ್ರೀಯ ಪಂದ್ಯದ ಹನ್ನೊಂದರ ಬಳಗದಲ್ಲಿ ಆಡದ ಭಾರತೀಯನನ್ನೂ ಇದೇ ವರ್ಗಕ್ಕೆ ಸೇರಿಸಬಹುದು. ಈ ನಿಯಮದಡಿ ಚೆನ್ನೈ ತಂಡವು ಮಹೇಂದ್ರ ಸಿಂಗ್ ಧೋನಿ ಅವರನ್ನು 4 ಕೋಟಿ ರೂಪಾಯಿಗೆ ಉಳಿಸಿಕೊಂಡಿತು.

ಒಟ್ಟು ಮೊತ್ತವನ್ನು ಆಟಗಾರರ ನಡುವೆ ಬೇರೆ ರೀತಿಯಲ್ಲಿ ಹಂಚಲು ತಂಡಗಳಿಗೆ ಅವಕಾಶವಿದೆ. ಬೆಂಗಳೂರು ತಂಡವು ಕೊಹ್ಲಿ ಅವರಿಗೆ 21 ಕೋಟಿ, ರಜತ್ ಪಾಟೀದಾರ್ ಅವರಿಗೆ 11 ಕೋಟಿ ನೀಡಿತು. ಇವೆರಡರ ಮೊತ್ತ 32 ಕೋಟಿ. ಅಂದರೆ ಮೊದಲ ಎರಡು ಸ್ಥಾನಗಳ 18 ಮತ್ತು 14 ಕೋಟಿಗೆ ಸಮ. ಯಶ್ ದಯಾಳ್ ಅವರ 5 ಕೋಟಿಯೂ ಸೇರಿ 37 ಕೋಟಿ ಕಳೆದು, ಬೆಂಗಳೂರಿನ ಬಳಿ ಹರಾಜಿಗೆ 83 ಕೋಟಿ ಉಳಿಯಿತು.

ಸರಿಗಟ್ಟುವ ಹಕ್ಕು

'ರೈಟ್ ಟು ಮ್ಯಾಚ್' ಅಥವಾ ಆರ್‌ಟಿಎಂ ಎಂಬ ನಿಯಮ 2014ರಲ್ಲಿ ಬಂದಿತು. ತಾನು ಬಿಟ್ಟುಕೊಟ್ಟ ಆಟಗಾರನಿಗೆ ಬೇರೊಂದು ತಂಡ ಕೂಗಿದ ಕೊನೆಯ ಬೆಲೆಯನ್ನೇ ಕೊಟ್ಟು ಹಳೆಯ ತಂಡವು ಅವನನ್ನು ಮರಳಿ ಪಡೆಯಬಹುದು. 2022ರಲ್ಲಿ ಈ ಹಕ್ಕು ಇರಲಿಲ್ಲ. 2025ರ ಋತುವಿಗೆ ಅದು ಹೊಸ ಷರತ್ತಿನೊಂದಿಗೆ ಮರಳಿತು. ಅದರಂತೆ, ಹಳೆಯ ತಂಡ ಹಕ್ಕನ್ನು ಚಲಾಯಿಸಿದಾಗ ಎದುರಾಳಿ ತಂಡವು ಒಮ್ಮೆ ಬೆಲೆ ಏರಿಸಬಹುದು. ಅರ್ಷ್‌ದೀಪ್ ಸಿಂಗ್ ಅವರ ವಿಷಯದಲ್ಲಿ ಹೈದರಾಬಾದಿನ ಸವಾಲು 15.75 ಕೋಟಿಗೆ ನಿಂತಿತ್ತು. ಪಂಜಾಬ್ ತನ್ನ ಹಕ್ಕನ್ನು ಬಳಸಿದಾಗ ಹೈದರಾಬಾದ್ ಬೆಲೆಯನ್ನು 18 ಕೋಟಿಗೆ ಏರಿಸಿತು. ಪಂಜಾಬ್ ಅದನ್ನೂ ಒಪ್ಪಿ ಅವರನ್ನು ಪಡೆಯಿತು. ಅದೇ ಹರಾಜಿನಲ್ಲಿ ಮೊಹಮ್ಮದ್ ಸಿರಾಜ್ ಅವರಿಗೆ ಗುಜರಾತ್ 12.25 ಕೋಟಿ ಕೂಗಿದಾಗ ಬೆಂಗಳೂರು ತನ್ನ ಹಕ್ಕನ್ನು ಬಳಸಲಿಲ್ಲ.

ಒಪ್ಪಂದ, ವರ್ಗಾವಣೆ ಮತ್ತು ಬದಲಿ ಆಟಗಾರ

ಒಪ್ಪಂದದಲ್ಲಿರುವ ಆಟಗಾರನನ್ನು ತಂಡವು ಋತುವಿನ ಕೊನೆಯಲ್ಲಿ ಬಿಡುಗಡೆ ಮಾಡಬಹುದು. ಆದರೆ ಆಟಗಾರನು ತಾನಾಗಿ ಬೇರೆ ತಂಡದೊಂದಿಗೆ ಮಾತುಕತೆ ನಡೆಸುವಂತಿಲ್ಲ. ಈ ನಿಯಮವನ್ನು ಮೀರಿದ ಕಾರಣಕ್ಕೆ ರವೀಂದ್ರ ಜಡೇಜ ಅವರನ್ನು 2010ರ ಋತುವಿನಿಂದ ಹೊರಗಿಡಲಾಗಿತ್ತು. ಹರಾಜಿನಲ್ಲಿ ಆಯ್ಕೆಯಾದ ಮೇಲೆ ಸಕಾರಣವಿಲ್ಲದೆ ಹಿಂದೆ ಸರಿಯುವ ವಿದೇಶಿ ಆಟಗಾರನಿಗೆ ಎರಡು ಋತುಗಳ ನಿಷೇಧವಿದೆ. 2025ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಇದಕ್ಕೆ ಒಳಗಾದರು.

ನಿಗದಿತ ಅವಧಿಯಲ್ಲಿ ತಂಡಗಳು ಪರಸ್ಪರ ಒಪ್ಪಿ, ಆಟಗಾರನ ಸಮ್ಮತಿಯೊಂದಿಗೆ, ಅವನನ್ನು ವರ್ಗಾಯಿಸಬಹುದು. 2023ರ ನವೆಂಬರ್‌ನಲ್ಲಿ ದೇವದತ್ತ ಪಡಿಕ್ಕಲ್ ರಾಜಸ್ಥಾನದಿಂದ ಲಖನೌಗೂ ಆವೇಶ್ ಖಾನ್ ಲಖನೌದಿಂದ ರಾಜಸ್ಥಾನಕ್ಕೂ ಹೀಗೆ ಅದಲುಬದಲಾದರು. ಋತುವಿನ ನಡುವೆ ಯಾರಾದರೂ ಗಾಯಗೊಂಡರೆ ಬದಲಿಯನ್ನು ತೆಗೆದುಕೊಳ್ಳಬಹುದು. ಬದಲಿ ಆಟಗಾರನ ವೇತನವು ಗಾಯಗೊಂಡವನ ವೇತನವನ್ನು ಮೀರುವಂತಿಲ್ಲ.

ಕರ್ನಾಟಕದ ಆಟಗಾರರ ಮೇಲಿನ ಪರಿಣಾಮ

ಐಕಾನ್ ಪದ್ಧತಿ ಮುಗಿದ ಬಳಿಕ ತವರು ಆಟಗಾರನಿಗೆ ವಿಶೇಷ ರಕ್ಷಣೆ ಉಳಿಯಲಿಲ್ಲ. 2011ರಲ್ಲಿ ದ್ರಾವಿಡ್ 5 ಲಕ್ಷ ಡಾಲರಿಗೆ ರಾಜಸ್ಥಾನಕ್ಕೆ, ರಾಬಿನ್ ಉತ್ತಪ್ಪ 21 ಲಕ್ಷ ಡಾಲರಿಗೆ ಪುಣೆಗೆ ಹೋದರು. 2014ರಲ್ಲಿ ಕೋಲ್ಕತ್ತ ಸೇರಿದ ಉತ್ತಪ್ಪ ಆ ವರ್ಷ 660 ರನ್ ಗಳಿಸಿ ಪಂದ್ಯಾವಳಿಯ ಅಗ್ರ ಬ್ಯಾಟರ್ ಆದರು. ಅವರ ತಂಡ ಪ್ರಶಸ್ತಿಯನ್ನೂ ಗೆದ್ದಿತು. 2009ರಲ್ಲಿ ಬೆಂಗಳೂರಿನ ಪರವಾಗಿ ಐಪಿಎಲ್‌ನ ಮೊದಲ ಭಾರತೀಯ ಶತಕ ಬಾರಿಸಿದ ಮನೀಷ್ ಪಾಂಡೆ 2018ರಲ್ಲಿ 11 ಕೋಟಿಗೆ ಹೈದರಾಬಾದಿಗೆ ಸೇರಿದರು. ಅದೇ ಬೆಲೆಗೆ ಕೆ. ಎಲ್. ರಾಹುಲ್ ಪಂಜಾಬಿಗೆ ಹೋದರು. ರಾಹುಲ್ ಮುಂದೆ ಲಖನೌ ಮತ್ತು ದೆಹಲಿ ತಂಡಗಳಿಗೆ ಆಡಿದರು. ಪ್ರಸಿದ್ಧ ಕೃಷ್ಣ 2025ರಲ್ಲಿ ಗುಜರಾತ್ ಪರ 25 ವಿಕೆಟ್ ಪಡೆದು ಬೌಲರ್‌ಗಳ ಪಟ್ಟಿಯಲ್ಲಿ ಮೊದಲಿಗರಾದರು.

ಬೆಂಗಳೂರು ತಂಡದಲ್ಲಿ ಕನ್ನಡಿಗರು ಕಡಿಮೆ ಎಂಬ ಅಸಮಾಧಾನ ಅಭಿಮಾನಿಗಳಲ್ಲಿ ಪದೇಪದೇ ಕೇಳಿಬರುತ್ತದೆ. ನಿಯಮದ ದೃಷ್ಟಿಯಿಂದ ನೋಡಿದರೆ, ತವರಿನ ಆಟಗಾರನು ಹೆಸರು ಮಾಡಿದಷ್ಟೂ ಅವನ ಬೆಲೆ ಏರುತ್ತದೆ. ಬೆಲೆ ಏರಿದಷ್ಟೂ ತವರು ತಂಡಕ್ಕೆ ಅವನು ದಕ್ಕುವುದು ಕಷ್ಟವಾಗುತ್ತದೆ. ಆದರೂ ತಂಡಗಳ ಆಯ್ಕೆಗೂ ಇದರಲ್ಲಿ ಪಾಲಿದೆ. ಉಳಿಸಿಕೊಳ್ಳುವ ಅವಕಾಶವನ್ನು ಯಾರಿಗೆ ಬಳಸಬೇಕೆಂಬುದು ಅವುಗಳದೇ ತೀರ್ಮಾನ.

ಮಹಾರಾಜ ಟ್ರೋಫಿಯಲ್ಲಿ

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಹಾರಾಜ ಟ್ರೋಫಿ ಟಿ20 ಪಂದ್ಯಾವಳಿ 2022ರಲ್ಲಿ ಆರಂಭವಾದಾಗ ಆಟಗಾರರನ್ನು ಡ್ರಾಫ್ಟ್ ಮೂಲಕ ಹಂಚಲಾಯಿತು. ಆ ವರ್ಷ ಮನೀಷ್ ಪಾಂಡೆ ನಾಯಕತ್ವದ ಗುಲ್ಬರ್ಗ ಮಿಸ್ಟಿಕ್ಸ್ ಪ್ರಶಸ್ತಿ ಗೆದ್ದಿತು. 2023ರಲ್ಲಿ ಹರಾಜು ಪದ್ಧತಿ ಬಂದಿತು. ಅಭಿನವ್ ಮನೋಹರ್ ಅವರನ್ನು ಶಿವಮೊಗ್ಗ ತಂಡ 15 ಲಕ್ಷ ರೂಪಾಯಿಗೆ ಕೊಂಡಿತು. ಪಾಂಡೆ ಹುಬ್ಬಳ್ಳಿ ತಂಡಕ್ಕೆ ಹೋಗಿ, ಅದರ ನಾಯಕರಾಗಿ ಮತ್ತೆ ಪ್ರಶಸ್ತಿ ಗೆದ್ದರು. ಕಲಬುರಗಿ ಭಾಗದ ಹೆಸರು ಹೊತ್ತ ತಂಡವು ತನ್ನನ್ನು ಗೆಲ್ಲಿಸಿದ ನಾಯಕನನ್ನು ಒಂದೇ ವರ್ಷದಲ್ಲಿ ಕಳೆದುಕೊಂಡಂತಾಯಿತು.

ಆಸ್ಟ್ರೇಲಿಯನ್ ಫುಟ್‌ಬಾಲ್‌ನೊಂದಿಗೆ ಹೋಲಿಕೆ

ಡ್ರಾಫ್ಟ್ ಪದ್ಧತಿ ಗಟ್ಟಿಯಾಗಿ ಬೇರೂರಿರುವ ಲೀಗ್‌ಗಳಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಒಂದು. ಹಿಂದೆ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಎನಿಸಿಕೊಂಡಿದ್ದ ಕಾಲದಲ್ಲಿ ಅಲ್ಲಿ ಪ್ರತಿ ಕ್ಲಬ್ಬಿಗೆ ಒಂದೊಂದು ಪ್ರದೇಶ ಗೊತ್ತಾಗಿತ್ತು. ಆ ಪ್ರದೇಶದ ಆಟಗಾರರು ಆ ಕ್ಲಬ್ಬಿಗೇ ಸೇರಬೇಕಿತ್ತು. 1983ರಲ್ಲಿ ಸಿಲ್ವಿಯೊ ಫೋಸ್ಕಿನಿ ಎಂಬ ಆಟಗಾರ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯವು, ಆಟಗಾರನನ್ನು ಕ್ಲಬ್ಬಿಗೆ ಕಟ್ಟಿಹಾಕುವ ನಿಯಮಗಳು ವೃತ್ತಿ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ತೀರ್ಪು ನೀಡಿತು. 1986ರಿಂದ ಡ್ರಾಫ್ಟ್ ಆರಂಭವಾಯಿತು. ಹಿಂದಿನ ಋತುವಿನಲ್ಲಿ ಕೊನೆಯ ಸ್ಥಾನ ಪಡೆದ ಕ್ಲಬ್ಬಿಗೆ ಮೊದಲ ಆಯ್ಕೆ ದೊರೆಯುತ್ತದೆ. ಒಟ್ಟು ವೇತನಕ್ಕೂ ಮಿತಿ ಇದೆ. ಕ್ಲಬ್ಬಿನ ಹಳೆಯ ಆಟಗಾರನ ಮಗನನ್ನು ಅದೇ ಕ್ಲಬ್ಬು ಆದ್ಯತೆಯ ಮೇಲೆ ಪಡೆಯುವ ನಿಯಮವೂ ಉಂಟು. 2012ರಿಂದ, ದೀರ್ಘಕಾಲ ಸೇವೆ ಸಲ್ಲಿಸಿದ ಆಟಗಾರರು ಒಪ್ಪಂದ ಮುಗಿದ ಮೇಲೆ ತಾವೇ ಕ್ಲಬ್ಬನ್ನು ಆರಿಸಿಕೊಳ್ಳುವ ಅವಕಾಶ ಪಡೆದಿದ್ದಾರೆ.

ಐಪಿಎಲ್‌ನಲ್ಲಿ ಸೇವಾವಧಿಯಿಂದ ದೊರೆಯುವ ಇಂತಹ ಹಕ್ಕು ಇಲ್ಲ. ಎಷ್ಟೇ ಹಿರಿಯನಾದರೂ ಬಿಡುಗಡೆಯಾದ ಆಟಗಾರನು ಮತ್ತೆ ಹರಾಜಿಗೇ ಬರಬೇಕು. ಮತ್ತೊಂದೆಡೆ, ಡ್ರಾಫ್ಟ್‌ನಲ್ಲಿ ಹೊಸಬನ ವೇತನಕ್ಕೆ ಮಿತಿ ಇದ್ದರೆ ಹರಾಜಿನಲ್ಲಿ ಅವನು ಒಂದೇ ದಿನದಲ್ಲಿ ಕೋಟ್ಯಧಿಪತಿಯಾಗಬಲ್ಲ.

2025ರ ಅಂತಿಮ ಪಂದ್ಯ

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರು ತಂಡವು ಪಂಜಾಬನ್ನು 6 ರನ್‌ಗಳಿಂದ ಮಣಿಸಿ ಮೊದಲ ಬಾರಿಗೆ ಐಪಿಎಲ್ ಪ್ರಶಸ್ತಿ ಗೆದ್ದಿತು. ಮೇಲಿನ ನಿಯಮಗಳ ಪರಿಣಾಮವು ಆ ತಂಡದಲ್ಲೇ ಕಾಣುತ್ತದೆ. ಕೊಹ್ಲಿ 2008ರ ಡ್ರಾಫ್ಟ್‌ನಿಂದ ಬಂದು, ಪ್ರತಿ ಮೆಗಾ ಹರಾಜಿಗೂ ಮುನ್ನ ಉಳಿದುಕೊಂಡವರು. ನಾಯಕ ಪಾಟೀದಾರ್ 2024ರಲ್ಲಿ ಉಳಿಸಿಕೊಂಡ ಮೂವರಲ್ಲಿ ಒಬ್ಬರು. ಬೆಂಗಳೂರಿನಲ್ಲೇ ಐಪಿಎಲ್ ಜೀವನ ಆರಂಭಿಸಿ ಹೊರಹೋಗಿದ್ದ ಪಡಿಕ್ಕಲ್ ಅವರನ್ನು ತಂಡವು 2 ಕೋಟಿಗೆ ಮರಳಿ ಕೊಂಡಿತ್ತು. ಅವರು ಗಾಯಗೊಂಡಾಗ ಬದಲಿಯಾಗಿ ಬಂದವರು ಬೆಂಗಳೂರಿನವರೇ ಆದ ಮಯಂಕ್ ಅಗರವಾಲ್. ಜೆಡ್ಡಾದ ಹರಾಜಿನಲ್ಲಿ ಅವರನ್ನು ಯಾವ ತಂಡವೂ ಕೊಂಡಿರಲಿಲ್ಲ. 1 ಕೋಟಿ ರೂಪಾಯಿಗೆ ತಂಡ ಸೇರಿದ ಅವರು ಅಂತಿಮ ಪಂದ್ಯದಲ್ಲಿ 24 ರನ್ ಗಳಿಸಿದರು. 2011ರಲ್ಲಿ ತಾವು ಮೊದಲು ಆಡಿದ್ದ ತಂಡಕ್ಕೆ ಅವರು ಮರಳಿದ್ದು ಹರಾಜಿನಿಂದಲ್ಲ, ಬದಲಿ ಆಟಗಾರರ ನಿಯಮದಿಂದ.