ಹಳದಿ ಗಸಿ, ಕಪ್ಪು ಕನ್ನಡಿ

ಜೇಮ್ಸ್ ಮಾರ್ಷ್‌ಗೆ ಪಾಷಾಣ ಸಿಕ್ಕಿತ್ತು. ತೋರಿಸುವ ಹೊತ್ತಿಗೆ ಅದು ಕೈಕೊಟ್ಟಿತು.

1830ರ ದಶಕದ ಆರಂಭ. ಲಂಡನ್ನಿನ ಪಕ್ಕದ ಪ್ಲಮ್‌ಸ್ಟೆಡ್‌ನಲ್ಲಿ ಜಾರ್ಜ್ ಬಾಡ್ಲ್ ಎಂಬ ಮುದುಕ ಕಾಫಿ ಕುಡಿದು ನರಳಿ ಸತ್ತ. ಗುಮಾನಿ ಮೊಮ್ಮಗ ಜಾನ್ ಮೇಲೆ. ಆಗ ಬಿಳಿ ಪಾಷಾಣ ಇಲಿಮದ್ದೆಂದು ಅಂಗಡಿಯಲ್ಲೇ ಸಿಗುತ್ತಿತ್ತು. ತಿಂದವರ ವಾಂತಿಭೇದಿ ಕಾಲರಾದಂತೆಯೇ ಕಾಣುತ್ತಿತ್ತು. ವುಲ್ವಿಚ್ ಶಸ್ತ್ರಾಗಾರದ ರಸಾಯನ ತಜ್ಞ ಮಾರ್ಷ್ ಕೈಗೆ ಆ ಕಾಫಿ ಬಂತು. ಹೈಡ್ರೋಜನ್ ಸಲ್ಫೈಡ್ ಹಾಯಿಸಿದ. ಹಳದಿ ಗಸಿ ಕೂತಿತು, ಅದು ಪಾಷಾಣದ ಗುರುತು. ಆದರೆ ವಿಚಾರಣೆಯ ವೇಳೆಗೆ ಆ ಗಸಿ ಕೆಟ್ಟುಹೋಗಿತ್ತು. ಜ್ಯೂರಿ ನಂಬಲಿಲ್ಲ, ಜಾನ್ ಬಿಡುಗಡೆಯಾದ. ಕೊಂದವನು ತಾನೇ ಎಂದು ಅವನು ಒಪ್ಪಿಕೊಂಡದ್ದು ವರ್ಷಗಳು ಕಳೆದ ಮೇಲೆ.

ಮಾರ್ಷ್‌ಗೆ ಈಗ ಬೇಕಾದದ್ದು ಕೆಡದ ಗುರುತು, ರಸಾಯನಶಾಸ್ತ್ರ ಓದದವರ ಕಣ್ಣಿಗೂ ಬೀಳುವ ಗುರುತು. ದಾರಿ ಹಳೆಯದೇ ಇತ್ತು. ಸತು ಮತ್ತು ಆಮ್ಲದ ಜೊತೆ ಪಾಷಾಣ ಸೇರಿದರೆ ಬೆಳ್ಳುಳ್ಳಿ ವಾಸನೆಯ ಅನಿಲ ಏಳುತ್ತದೆಂದು ರಸಾಯನ ತಜ್ಞ ಶೀಲೆ 1775ರಲ್ಲೇ ಕಂಡಿದ್ದ. ಅದೇ ಅನಿಲ 1815ರಲ್ಲಿ ಗೆಹ್ಲೆನ್ ಎಂಬ ಜರ್ಮನ್ ವಿಜ್ಞಾನಿಯ ಜೀವ ತೆಗೆದಿತ್ತು. ಮಾರ್ಷ್ ಅದನ್ನು ಬಾಗಿದ ಗಾಜಿನ ಕೊಳವೆಯಲ್ಲಿ ಹಿಡಿದು, ಸಣ್ಣ ಮೂತಿಯಿಂದ ಹೊರಬಿಟ್ಟು ಬೆಂಕಿ ಹಚ್ಚಿದ. ಉರಿಗೆ ತಣ್ಣನೆಯ ಪಿಂಗಾಣಿ ಒಡ್ಡಿದರೆ ಮಧ್ಯದಲ್ಲಿ ಕಂದುಗಪ್ಪು ಮಚ್ಚೆ ಮೂಡುತ್ತದೆ, ಓರೆಯಾಗಿ ಹಿಡಿದರೆ ಕನ್ನಡಿಯಂತೆ ಮಿರುಗುತ್ತದೆ. ಅದು ಪಾಷಾಣದೊಳಗಿನ ಆರ್ಸೆನಿಕ್, ಲೋಹರೂಪದಲ್ಲಿ. ಮಿಲಿಗ್ರಾಮಿನ ಐವತ್ತನೇ ಒಂದು ಪಾಲಿದ್ದರೂ ಸಾಕಿತ್ತು. 1836ರಲ್ಲಿ ವಿಧಾನ ಪ್ರಕಟವಾಯಿತು.

1840ರಲ್ಲಿ ಫ್ರಾನ್ಸಿನ ಟ್ಯೂಲ್ ಪಟ್ಟಣದಲ್ಲಿ ಗಂಡನಿಗೆ ವಿಷವಿಟ್ಟ ಆರೋಪ ಹೊತ್ತ ಮರಿ ಲಫಾರ್ಜ್‌ಳ ವಿಚಾರಣೆ. ಸ್ಥಳೀಯ ತಜ್ಞರು ಒಮ್ಮೆ ಪಾಷಾಣ ಇದೆ ಎಂದರು, ಒಮ್ಮೆ ಇಲ್ಲ ಎಂದರು. ಪ್ಯಾರಿಸ್‌ನಿಂದ ವಿಷವಿಜ್ಞಾನಿ ಓರ್ಫಿಲಾ ಬಂದ, ಮಾರ್ಷ್ ವಿಧಾನದಲ್ಲೇ ಪರೀಕ್ಷಿಸಿದ. ನನಗೆ ದೊಡ್ಡದೆನಿಸುವುದು ಅವನು ಪಾಷಾಣ ಕಂಡುಹಿಡಿದದ್ದಲ್ಲ, ಅದು ತಾನು ಬಳಸಿದ ರಾಸಾಯನಿಕಗಳಿಂದಾಗಲಿ, ಗೋರಿಯ ಮಣ್ಣಿನಿಂದಾಗಲಿ ಬಂದದ್ದಲ್ಲ ಎಂದು ಖಾತ್ರಿ ಮಾಡಿಕೊಂಡದ್ದು. ಸತುವಿನಲ್ಲೇ ಆರ್ಸೆನಿಕ್ ಬೆರೆತಿರುವುದುಂಟು. ಅದನ್ನು ನೋಡದೆ ಕನ್ನಡಿ ತೋರಿಸಿದರೆ ನಿರಪರಾಧಿಯ ಕೊರಳಿಗೂ ಕುಣಿಕೆ ಬೀಳಬಹುದು. ಮರಿಗೆ ಜೀವಾವಧಿ ಶಿಕ್ಷೆಯಾಯಿತು.

ಇನ್ನೊಂದು ತೊಡಕಿತ್ತು. ಆಗ ವಾಂತಿ ಮಾಡಿಸಲು ಕೊಡುತ್ತಿದ್ದ ಔಷಧದಲ್ಲಿ ಆಂಟಿಮನಿ ಇರುತ್ತಿತ್ತು, ಅದೂ ಇಂಥದೇ ಕಪ್ಪು ಮಚ್ಚೆ ಬಿಡುತ್ತದೆ. ಬಟ್ಟೆ ಬಿಳುಪಿಸುವ ಬ್ಲೀಚಿಂಗ್ ದ್ರಾವಣದ ಹನಿ ಹಾಕಿ ನೋಡುತ್ತಿದ್ದರು. ಮಚ್ಚೆ ಹಾಗೇ ಉಳಿದರೆ ಆಂಟಿಮನಿ. ಕರಗಿ ಮಾಯವಾದರೆ ಪಾಷಾಣ.