ಮೊಲದ ಮರಿಯ ಕಿವಿನೋವು

ಮುಂಬಯಿಯ ಚಾಳಿನ ಒಂದೇ ಕೋಣೆಯ ಸಂಸಾರದಲ್ಲಿ ಹಸುವನ್ನು ಕಟ್ಟಲು ಸ್ಥಳವೆಲ್ಲಿ? ನಾಯಿಯನ್ನು ಸಾಕಲು ನೆರೆಯವರ ಒಪ್ಪಿಗೆಯೆಲ್ಲಿ? ಊರಿನ ಹಟ್ಟಿ ಕೊಟ್ಟಿಗೆಗಳ ನೆನಪನ್ನು ಬಿಡಲಾರದ ನಮ್ಮವರು ಮಕ್ಕಳ ಹಟಕ್ಕೆ ಮಣಿದು ಮೊಲದ ಮರಿಯೊಂದನ್ನು ತಂದಿಡುವುದುಂಟು. ಅದು ಬೊಗಳುವುದಿಲ್ಲ, ಕೂಗುವುದಿಲ್ಲ. ಒಣಹುಲ್ಲು, ಮೂಲಂಗಿಸೊಪ್ಪು, ಕೊತ್ತಂಬರಿಕಡ್ಡಿಗಳಲ್ಲಿ ತೃಪ್ತಿಪಡುತ್ತದೆ. ಆದರೆ ಕೂಗದ ಪ್ರಾಣಿಯ ನೋವು ಸಾಕಿದವರಿಗೆ ತಡವಾಗಿ ತಿಳಿಯುತ್ತದೆ ಎಂಬುದನ್ನು ನಾವು ಕಳೆದ ಮಳೆಗಾಲದಲ್ಲಿ ಅನುಭವದಿಂದಲೇ ಕಲಿಯಬೇಕಾಯಿತು.

ನಮ್ಮ ಮನೆಯ ಮರಿಗೆ ಆಗ ಎರಡು ತಿಂಗಳು ತುಂಬಿತ್ತು. ಅದು ಪದೇ ಪದೇ ತಲೆ ಕೊಡವುವುದನ್ನೂ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವುದನ್ನೂ ಕಂಡು ಮಕ್ಕಳು ಕುಣಿತವೆಂದು ನಕ್ಕರು, ನಾವೂ ನಕ್ಕೆವು. ವಾರದೊಳಗೆ ಒಂದು ಕಿವಿ ಜೋತುಬಿತ್ತು. ಒಳಗೆ ನೋಡಿದರೆ ಪದರ ಪದರವಾದ ಕಂದುಬಣ್ಣದ ಹಕ್ಕಳೆ, ಜೊತೆಗೆ ದುರ್ವಾಸನೆ. ಕಿವಿನೋವೆಂದರೆ ನಮಗೆ ನೆನಪಾಗುವುದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ. ಅದನ್ನು ಬಿಟ್ಟು, ಕಡ್ಡಿಗೆ ಹತ್ತಿ ಸುತ್ತಿ ಹಕ್ಕಳೆಯನ್ನು ಕೀಳಲು ಹೋದೆವು. ರಕ್ತ ಬಂದಿತು. ಮೂಕವೆಂದು ನಾವು ತಿಳಿದಿದ್ದ ಪ್ರಾಣಿ ಅಂದು ಮೊದಲ ಸಲ ಚೀರಿತು. ಆ ರಾತ್ರಿ ಅದು ಒಂದೆಲೆ ಸೊಪ್ಪನ್ನೂ ಮುಟ್ಟಲಿಲ್ಲ.

ಬೆಳಗಾಗುತ್ತಲೇ ಕಛೇರಿಗೆ ರಜೆ ಹಾಕಿ ಪ್ರಾಣಿವೈದ್ಯರಲ್ಲಿಗೆ ಓಡಿದೆವು. ಅವರು ಹಕ್ಕಳೆಯ ಚೂರೊಂದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಮ್ಮನ್ನು ನೋಡಹೇಳಿದರು. ಎಂಟು ಕಾಲಿನ ನುಸಿಗಳು ಅದರಲ್ಲಿ ಹರಿದಾಡುತ್ತಿದ್ದವು! ಸೋರಾಪ್ಟಿಸ್ ಎಂಬ ಈ ಜಾತಿಯ ನುಸಿ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಚರ್ಮವನ್ನು ಕೊರೆದು ಒಳಹೋಗದೆ ಮೇಲ್ಭಾಗವನ್ನೇ ಚುಚ್ಚಿ ಬದುಕುತ್ತದೆ. ಕೆರಳಿದ ಚರ್ಮದಿಂದ ಒಸರುವ ದ್ರವವು ಒಣಗಿ ಹಕ್ಕಳೆಯಾಗುತ್ತದೆ. ಅದರ ಅಡಿಯಲ್ಲಿರುವುದು ಹಸಿ ಗಾಯ. ನಾವು ಕಿತ್ತುದು ಕೊಳೆಯನ್ನಲ್ಲ, ಗಾಯವನ್ನೇ. ರೋಗ ಕಿವಿಯ ಒಳಭಾಗಕ್ಕೆ ಇಳಿದರೆ ಮೊಲದ ತಲೆ ಒಂದು ಕಡೆಗೆ ವಾಲಿ, ನಡೆಯುವ ಹದವೇ ತಪ್ಪುತ್ತದೆ. ಕಿವಿಯ ತಮಟೆ ಒಡೆದಿದ್ದಲ್ಲಿ ಮೇಲಿನಿಂದ ಬಿಟ್ಟ ಎಣ್ಣೆಯೂ ಅಪಾಯವೇ.

ಮದ್ದು ಸುಲಭವಾದುದು. ವೈದ್ಯರು ಮರಿಯನ್ನು ತೂಗಿ, ತೂಕಕ್ಕೆ ತಕ್ಕಂತೆ ಐವರ್ಮೆಕ್ಟಿನ್ ಎಂಬ ಔಷಧವನ್ನು ಚರ್ಮದ ಕೆಳಗೆ ಚುಚ್ಚಿದರು. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದು ಈ ಔಷಧದ ಮೂಲ. ಇದಕ್ಕಾಗಿ ದುಡಿದ ಸತೋಶಿ ಓಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಇದು ನುಸಿಯನ್ನು ಕೊಲ್ಲುವುದೇ ಹೊರತು ಮೊಟ್ಟೆಯನ್ನಲ್ಲ. ಮೊಟ್ಟೆಯೊಡೆದು ಬೆಳೆಯಲು ಸುಮಾರು ಮೂರು ವಾರ ಹಿಡಿಯುವುದರಿಂದ, 10ರಿಂದ 14 ದಿನಗಳ ಅಂತರದಲ್ಲಿ ಮತ್ತೆ ಚುಚ್ಚಿಸಲೇಬೇಕು. ಕೆರೆತ ನಿಂತಿತೆಂದು ಎರಡನೆಯ ಸಲ ಹೋಗದಿದ್ದರೆ ಮೊದಲನೆಯದೂ ವ್ಯರ್ಥ.

ಇನ್ನೊಂದು ಮಾತು. ನಾಯಿಯ ಉಣ್ಣೆಗೆಂದು ಅಂಗಡಿಯಲ್ಲಿ ಮಾರುವ ಔಷಧವನ್ನು ಮೊಲಕ್ಕೆ ಹಚ್ಚಬಾರದು. ಅಂಥ ಹಲವಲ್ಲಿರುವ ಫಿಪ್ರೊನಿಲ್ ಎಂಬ ದ್ರವ್ಯದಿಂದ ಮೊಲಗಳು, ಅದರಲ್ಲೂ ಎಳೆಯವು, ಪ್ರಾಣ ಕಳೆದುಕೊಂಡಿವೆ.

ಮನೆಯಲ್ಲಿ ಮಾಡಬೇಕಾದುದೂ ಉಂಟು. ಉದುರಿದ ಹಕ್ಕಳೆಯಲ್ಲಿ ನುಸಿಗಳು ದಿನಗಟ್ಟಲೆ, ತಂಪು ಹವೆಯಲ್ಲಿ ಮೂರು ವಾರದವರೆಗೂ, ಬದುಕಬಲ್ಲವು. ಆದುದರಿಂದ ಗೂಡಿನ ಹುಲ್ಲನ್ನು ತೆಗೆದು ಸುಡಬೇಕು. ಗೂಡನ್ನು ಬಿಸಿನೀರಿನಿಂದ ತೊಳೆದು ಬಿಸಿಲಿಗಿಡಬೇಕು. ಜೊತೆಗೆ ಬೇರೆ ಮೊಲಗಳಿದ್ದರೆ ಅವುಗಳಿಗೂ ಚಿಕಿತ್ಸೆಯಾಗಬೇಕು. ಮೊಲವನ್ನು ಕಿವಿ ಹಿಡಿದು ಎತ್ತುವ ಪದ್ಧತಿಯನ್ನಂತೂ ಇಂದೇ ಬಿಡಬೇಕು. ಎದೆಗೂ ಹಿಂಗಾಲಿಗೂ ಕೈಯಾಸರೆ ಕೊಟ್ಟು ಎತ್ತುವುದೇ ಸರಿ. ಅರ್ಧ ದಿನ ಅದು ಮೇವು ಮುಟ್ಟದಿದ್ದರೆ ನಾಳೆಗೆಂದು ಕಾಯಬಾರದು. ಹೊಟ್ಟೆ ಬರಿದಾದರೆ ಮೊಲದ ಕರುಳು ನಿಂತುಹೋಗುತ್ತದೆ. ಮಕ್ಕಳ ಬಗ್ಗೆ ಅಂಜಬೇಕಾಗಿಲ್ಲ. ಈ ನುಸಿ ಮನುಷ್ಯರಲ್ಲಿ ನೆಲೆಯೂರುವುದಿಲ್ಲ.

ಮುಂಬಯಿಯಲ್ಲಿರುವವರಿಗೆ ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೇಟಿಟ್ ಪ್ರಾಣಿಗಳ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದಲೂ ತೆರೆದಿದೆ. ಮೊಲದಂಥ ಸಣ್ಣ ಜೀವಿಗೆ ಆಸ್ಪತ್ರೆಯೇ ಎಂದು ನಗುವವರು ನಗಲಿ. ನಾವೂ ಒಮ್ಮೆ ನಕ್ಕವರೇ.

ಎರಡನೆಯ ಸೂಜಿಮದ್ದಿನ ಹೊತ್ತಿಗೆ ಹಕ್ಕಳೆ ತಾನಾಗಿಯೇ ಉದುರಿ, ಒಳಗೆ ಗುಲಾಬಿಬಣ್ಣದ ಹೊಸ ಚರ್ಮ ಕಾಣಿಸಿತು. ಆದರೂ ಹಲವು ದಿನ ನಮ್ಮ ಕೈ ಸಮೀಪಿಸಿದೊಡನೆ ಮರಿ ಮೂಲೆಗೆ ಸರಿಯುತ್ತಿತ್ತು. ಆ ಭಯ ಹೋಗಲು ಮದ್ದಿಗಿಂತ ಹೆಚ್ಚು ಕಾಲ ಹಿಡಿಯಿತು. ವಾಚಕರ ಮನೆಯಲ್ಲಿ ಮೊಲವಿದ್ದರೆ, ಇಂದು ಪಾಳಿ ಮುಗಿಸಿ ಬಂದ ಮೇಲೆ ದೀಪ ಹಿಡಿದು ಅದರ ಎರಡೂ ಕಿವಿಗಳನ್ನು ಒಮ್ಮೆ ನೋಡಲಿ.