ಹಾರಾಟ ಮುಕ್ಕಾಲು ಗಂಟೆ, ಉಳಿದದ್ದು ರಸ್ತೆ

ಮಂಗಳೂರಿನ ವಿಮಾನ ನಿಲ್ದಾಣದಿಂದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣಕ್ಕೆ ನಕಾಶೆಯ ಮೇಲೆ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ ಹೋಗುತ್ತದೆ. ಎರಡೂ ಜಾಗ 13 ಡಿಗ್ರಿ ಅಕ್ಷಾಂಶದ ಆಸುಪಾಸಿನವು. ಗೆರೆಯ ಉದ್ದ ಸುಮಾರು 305 ಕಿ.ಮೀ. ಶಿರಾಡಿ ಘಟ್ಟ ಹತ್ತಿ, ಸಕಲೇಶಪುರ, ಹಾಸನ, ಕುಣಿಗಲ್ ದಾಟಿ ಬೆಂಗಳೂರು ಸೇರುವ ಹೆದ್ದಾರಿ ಸುಮಾರು 350 ಕಿ.ಮೀ. ಲೆಕ್ಕಕ್ಕೆ ಅಂಥ ದೊಡ್ಡ ಅಂತರವೇನಲ್ಲ. ಆದರೆ ಬಸ್ಸಿಗೆ ಏಳೆಂಟು ಗಂಟೆ, ವಿಮಾನದ ಟಿಕೆಟ್‌ನಲ್ಲಿ ಒಂದೇ ಗಂಟೆ.

ಘಟ್ಟ ಎಷ್ಟು ಹೊತ್ತು ತಿನ್ನುತ್ತದೆ ಎಂದು ತಿಳಿಯಬೇಕಾದರೆ ರೈಲು ಹತ್ತಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳು. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು; ಗಂಟೆಗೆ 30 ಕಿ.ಮೀ. ಮೀರುವ ಹಾಗಿಲ್ಲ. ಅದೇ ಕಾಡಿನ ಮೇಲೆ ವಿಮಾನ ಐದಾರು ನಿಮಿಷದಲ್ಲಿ ಹಾದುಹೋಗುತ್ತದೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಲಾರಿಗಳು ಸಾಲುಗಟ್ಟಿ ನಿಂತ ದಿನ ಟಿಕೆಟ್ ದರ ಯಾಕೆ ಜಿಗಿಯುತ್ತದೆ ಎಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ.

ಇನ್ನು ಆ ಒಂದು ಗಂಟೆಯ ವಿಷಯ. ಅದರಲ್ಲಿ ನಿಜವಾಗಿ ಗಾಳಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಮಿಕ್ಕದ್ದು ರನ್‌ವೇ ಕಡೆಗೆ ಉರುಳುವುದು, ಸರದಿ ಕಾಯುವುದು, ಇಳಿದ ಮೇಲೆ ನಿಲುಗಡೆ ತಲುಪುವುದು. ಜೆಟ್ ವಿಮಾನ 30 ಸಾವಿರ ಅಡಿಯಿಂದ ಇಳಿಯಲು ಸುಮಾರು 170 ಕಿ.ಮೀ. ಮೊದಲೇ ತಯಾರಾಗಬೇಕು. ಒಟ್ಟು ದಾರಿಯೇ 305 ಕಿ.ಮೀ. ಇರುವಾಗ ಹತ್ತುವುದು ಮುಗಿಯಿತು ಅನ್ನುವಷ್ಟರಲ್ಲಿ ಇಳಿಯುವ ಘೋಷಣೆ. ಟ್ರೇ ಬಿಚ್ಚಿ ಕಾಫಿ ಕುಡಿಯುವವರು ಅವಸರಪಡುವುದು ಇದಕ್ಕೇ. ಇಂಥ ಹಾದಿಗೆ ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ಸಾಕು. ಗಂಟೆಗೆ 500 ಕಿ.ಮೀ.ನಷ್ಟೇ ವೇಗ, ಆದರೂ ಜೆಟ್‌ಗಿಂತ ಹಿಂದೆ ಬೀಳುವುದು ಕೆಲವೇ ನಿಮಿಷ. ಇಂಧನವೂ ಕಡಿಮೆ.

ಮಂಗಳೂರಿನ ಕಡೆ ಇನ್ನೊಂದು ಸಂಗತಿಯಿದೆ. 1951ರಲ್ಲಿ ಶುರುವಾದ ಬಜಪೆ ನಿಲ್ದಾಣ ಇರುವುದು ಗುಡ್ಡದ ನೆತ್ತಿಯ ಮೇಲೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತದ್ದನ್ನು ಈ ಊರು ಮರೆತಿಲ್ಲ. ಜುಲೈ ತಿಂಗಳಲ್ಲಿ ಮೋಡ ಗುಡ್ಡಕ್ಕೇ ಇಳಿದರೆ ಪೈಲಟ್ ಸುತ್ತು ಹಾಕುತ್ತಾರೆ. ಕಾದೂ ಕಾದೂ ಬೆಂಗಳೂರಿಗೆ ತಿರುಗುವುದೂ ಉಂಟು. ಒಳಗೆ ಕೂತವರು ಗೊಣಗುತ್ತಾರೆ. ನನ್ನ ಕೇಳಿದರೆ, ಇಳಿಯದ ಪೈಲಟ್‌ಗೆ ಕೈಮುಗಿಯಬೇಕು.

2008ರ ಮೇ ತನಕ ಬೆಂಗಳೂರಿನ ವಿಮಾನಗಳು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದವು, ಊರೊಳಗೇ. ದೇವನಹಳ್ಳಿಗೆ ಹೋದ ಮೇಲೆ ಹಾರಾಟದ ಹೊತ್ತು ಬದಲಾಗಲಿಲ್ಲ. ಜಯನಗರದ ಮಗಳ ಮನೆಗೆ ಹೊರಟವರ ಪ್ರಯಾಣ ಮಾತ್ರ ಒಂದು ಗಂಟೆ ಉದ್ದವಾಯಿತು. ಮಂಗಳೂರಿನ ಹಂಪನಕಟ್ಟೆಯಿಂದ ನಿಲ್ದಾಣವಿರುವ ಕೆಂಜಾರಿನ ಗುಡ್ಡ ಹತ್ತಲು ಅರ್ಧ ಗಂಟೆಗೂ ಮೇಲೆ, ಕೌಂಟರ್ ಮುಚ್ಚುವ ಮೊದಲು ಅಲ್ಲಿರಬೇಕಾದ ಒಂದೂವರೆ ಗಂಟೆ, ಬ್ಯಾಗಿಗೆ ಕಾಯುವುದು, ಆಮೇಲೆ ವಾಯು ವಜ್ರ ಬಸ್ಸು, ಹೆಬ್ಬಾಳ: ಕೂಡಿದರೆ ಐದು ಗಂಟೆ ಸುಲಭವಾಗಿ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಮೆಜೆಸ್ಟಿಕ್ ಆಸುಪಾಸಿನ ಕಚೇರಿಯಲ್ಲಿ ಕೆಲಸ ಇರುವವರು ಈಗಲೂ ರಾತ್ರಿ ಸ್ಲೀಪರ್ ಬಸ್ಸನ್ನೇ ನೆಚ್ಚುವುದರಲ್ಲಿ ಜಿಪುಣತನವೇನಿಲ್ಲ. ಮಂಡಿನೋವಿನ ಅಜ್ಜಿಯನ್ನು ಕರೆದೊಯ್ಯುವುದಿದ್ದರೆ ಮಾತು ಬೇರೆ. ಆಗ ವೀಲ್‌ಚೇರನ್ನು ಟಿಕೆಟ್ ಮಾಡುವಾಗಲೇ ಕೇಳಿಡಬೇಕು.